‘ಬಾಯಿಗೆ ಬೀಗ ಹಾಕಿ’ ಫಾರ್ವರ್ಡ್: ಮನೆಯ ಗುಂಪಿನಲ್ಲಿ ಆದ ಚರ್ಚೆ

ಪೆರ್ಲ ಮಾವ: (ಫಾರ್ವರ್ಡ್) “ಬಾಯಿಗೆ ಬೀಗ ಹಾಕಿ. 21 ದಿನ ಅನ್ನ, ಸಕ್ಕರೆ, ಎಣ್ಣೆ ಮುಟ್ಟಬೇಡಿ. ಆಗುವುದಿಲ್ಲ ಅನ್ನುವವರಿಗೆ ಮನಸ್ಸು ಗಟ್ಟಿ ಇಲ್ಲ.” ಎಲ್ಲರೂ ಓದಿ. ಮುಖ್ಯವಾಗಿ ನೀರ್ಚಾಲಿನವರು.

ನೀರ್ಚಾಲು ಚಿಕ್ಕಮ್ಮ: ನನಗೇ ಹೇಳಿದ್ದು ಅಂತ ಗೊತ್ತಾಯಿತು ಅಣ್ಣ. ಹೋದ ತಿಂಗಳು ಇದನ್ನೇ ಮಾಡಿದ್ದೇನೆ. ಬೆಳಿಗ್ಗೆ ಬರೀ ಕಷಾಯ, ಮಧ್ಯಾಹ್ನ ನಾಲ್ಕು ತುಂಡು ಮುಳ್ಳುಸೌತೆ. ಒಂಬತ್ತನೇ ದಿನ ರಾತ್ರಿ ಹನ್ನೊಂದು ಗಂಟೆಗೆ ಲೈಟ್ ಹಾಕದೆ ಅಡುಗೆಮನೆಯಲ್ಲಿ ಕೂತು ಹಲಸಿನ ಹಪ್ಪಳ ತಿಂದೆ. ಶಬ್ದ ಬರಬಾರದು ಅಂತ ಬಾಯಲ್ಲೇ ನೆನೆಸಿ ನೆನೆಸಿ ತಿಂದದ್ದು. ಡಬ್ಬಿ ಖಾಲಿ.

ಪೆರ್ಲ ಮಾವ: ಅದನ್ನೇ ಅಲ್ವಾ ಹೇಳುವುದು? ಡಬ್ಬಿ ಮುಚ್ಚಿಡಲು ಎಂತ ಕಷ್ಟ? ನಮ್ಮ ಅಮ್ಮ ಏಕಾದಶಿ ಮಾಡುತ್ತಿರಲಿಲ್ವಾ?

ನಾನು: ಮಾವ, ಬೇಸರ ಮಾಡಬೇಡಿ. ಏಕಾದಶಿ ಒಂದು ದಿನ, ಮರುದಿನ ಪಾರಣೆ ಉಂಟು. ವಾರಗಟ್ಟಲೆ ಅರೆಹೊಟ್ಟೆಯಲ್ಲಿರುವುದು ಬೇರೆಯೇ. ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1945ರಲ್ಲಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಮಹಾಯುದ್ಧ ನಡೆಯುವಾಗ ಬಂದೂಕು ಹಿಡಿಯುವುದಿಲ್ಲ ಅಂತ ಗಟ್ಟಿಯಾಗಿ ನಿಂತವರು ಅವರು, ಮನಸ್ಸು ಗಟ್ಟಿ ಇಲ್ಲ ಅಂತ ಅವರಿಗೆ ಯಾರು ಹೇಳುತ್ತಾರೆ? ಅಂಥವರೂ ಹಗಲಿರುಳು ಊಟದ್ದೇ ಯೋಚನೆ ಮಾಡಿಕೊಂಡು, ಅಡುಗೆ ಪುಸ್ತಕ ಓದಿಕೊಂಡು, ತಟ್ಟೆ ನೆಕ್ಕಿಕೊಂಡು ಇದ್ದರು. ಊಟ ಕಡಿಮೆಯಾದರೆ ದೇಹ ಹೆದರುತ್ತದೆ. ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಸಾಕು ಅಂತ ಹೇಳುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ತೂಕ ಇಳಿಸಿ ಒಂದು ವರ್ಷ ಕಳೆದವರಲ್ಲೂ ಇದು ಸರಿಯಾಗಿರಲಿಲ್ಲ ಅಂತ 2011ರ ಒಂದು ಅಧ್ಯಯನ ಹೇಳಿದೆ. ಚಿಕ್ಕಮ್ಮನ ತಪ್ಪು ಎಂತ ಇದರಲ್ಲಿ?

ಪೆರ್ಲ ಮಾವ: ಹಾಗಾದರೆ ಆಸೆ ಆದದ್ದನ್ನೆಲ್ಲ ತಿನ್ನುವುದಾ?

ಕುಂಬಳೆ ಅಕ್ಕ: ಹಾಗೆ ಯಾರು ಹೇಳಿದರು ಮಾವ? ಮೊದಲು ಹೊಟ್ಟೆ ತುಂಬಬೇಕು. ನನಗೂ ಮಧ್ಯಾಹ್ನ ಸರಿಯಾಗಿ ಉಂಡ ದಿನ ನಾಲ್ಕು ಗಂಟೆಗೆ ಬೇಕರಿ ನೆನಪಾಗುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ನಿದ್ದೆ ಕೆಟ್ಟ ದಿನ ಮಾತ್ರ ಎಂತ ಮಾಡಿದರೂ ಸಿಹಿ ಬೇಕು ಅನಿಸುತ್ತದೆ. ಪ್ಯಾಕೆಟ್ ತಿಂಡಿಯಂತೂ ಕೇಳಬೇಡಿ. 2019ರಲ್ಲಿ ಅಮೆರಿಕದಲ್ಲೇ 20 ಜನರಿಗೆ ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಿ ಅಂದಿದ್ದರು. ಕಾರ್ಖಾನೆಯದ್ದು ತಿಂದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೋಯಿತು, ತೂಕವೂ ಏರಿತು. ಅದೇ ಜನ ಅಲ್ವಾ? ಎರಡು ವಾರದಲ್ಲಿ ಮನಸ್ಸು ಮೆತ್ತಗಾಯಿತಾ?

ನಾನು: ಇನ್ನೊಂದು ಮಾತು ಮಾವ. ಚಿಕ್ಕಮ್ಮನ ಮನೆಗೆ ಬರುವಾಗಲೆಲ್ಲ ಕಾಸರಗೋಡು ಪೇಟೆಯಿಂದ ಒಂದು ಕಿಲೋ ಬಾಳೆಕಾಯಿ ಚಿಪ್ಸ್ ಹಿಡಿದುಕೊಂಡು ಬರುವುದು ನೀವೇ. ಪ್ರೀತಿಯಿಂದ ತರುತ್ತೀರಿ, ಗೊತ್ತುಂಟು. ಆದರೆ ಅದು ಕಣ್ಣೆದುರು ಇದ್ದರೆ ಒಬ್ಬರೇ ದಿನವಿಡೀ ತಡೆದುಕೊಂಡಿರಬೇಕು. ಮನೆಯಲ್ಲೇ ಇಲ್ಲದಿದ್ದರೆ ಆ ಕಷ್ಟ ಇಲ್ಲ.

(ತುಂಬ ಹೊತ್ತು ಯಾರೂ ಏನೂ ಬರೆಯಲಿಲ್ಲ.)

ಪೆರ್ಲ ಮಾವ: ಮನಸ್ಸು ಗಟ್ಟಿ ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಗುಂಪಿನಲ್ಲಿ ಹಾಗೆ ಹಾಕಬಾರದಿತ್ತು ತಂಗಿ. ಆದಿತ್ಯವಾರ ಬರುವಾಗ ಚಿಪ್ಸ್ ತರುವುದಿಲ್ಲ. ತೋಟದಲ್ಲಿ ಬಸಳೆ ಚೆನ್ನಾಗಿ ಬಂದಿದೆ.

ನೀರ್ಚಾಲು ಚಿಕ್ಕಮ್ಮ: ದಂಟು ಎಳೆಯದು ನೋಡಿ ತಾ ಅಣ್ಣ. ಹೆಸರುಕಾಳು ಹಾಕಿ ಬೆಂದಿ ಮಾಡುತ್ತೇನೆ. ಕುಚ್ಚಿಲಕ್ಕಿ ಅನ್ನವೂ ಇರುತ್ತದೆ, ನಾನೂ ಉಣ್ಣುತ್ತೇನೆ.