ವಾಲ್ಟರ್ ಆಂಡರ್ಸನ್ ಬಗ್ಗೆ ಗೊತ್ತಿರುವವರು ಇದ್ದೀರಾ? (ಮಿಸಿಸಿಪಿ ಕರಾವಳಿಯ ಚಿತ್ರಕಾರ)

ಕಡಲಂಚು:
ಮಗಳ ಮನೆ ನ್ಯೂ ಆರ್ಲಿಯನ್ಸ್‌ನಲ್ಲಿ. ಹೋದ ವಾರ ಓಷನ್ ಸ್ಪ್ರಿಂಗ್ಸ್ ಅನ್ನೋ ಪುಟ್ಟ ಊರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಈ ಕಲಾವಿದನ ಹೆಸರಿನದೇ ಮ್ಯೂಸಿಯಂ ಇದೆ. ಪೆಲಿಕನ್, ಏಡಿ, ಮರಳದಿಬ್ಬ, ಪೈನ್ ಮರ, ಬರೀ ಅದೇ, ಆದರೂ ಬೇಜಾರಾಗಲಿಲ್ಲ. ಮರದ ಕೆತ್ತನೆಗಳೂ ಇದ್ದವು. ಒಬ್ಬನೇ ಇಷ್ಟೆಲ್ಲ ಮಾಡಿದ್ದಾ? ಹುಚ್ಚನಾಗಿದ್ದ ಅಂತ ಪಕ್ಕದಲ್ಲಿದ್ದವರು ಯಾರೋ ಹೇಳಿದರು, ನಿಜವಾ?

ಬೈಂದೂರಿನವ:
ಒಬ್ಬನೇ. 1903ರಲ್ಲಿ ಹುಟ್ಟಿದ್ದು, ಫಿಲಡೆಲ್ಫಿಯಾದಲ್ಲಿ ಕಲೆ ಓದಿ ಬಂದ. ಅಣ್ಣ ಪೀಟರ್ 1928ರಲ್ಲಿ ಶಿಯರ್‌ವಾಟರ್ ಅಂತ ಕುಂಬಾರಿಕೆ ಶುರು ಮಾಡಿದ್ದ, ಅಲ್ಲಿ ಇವನು ಮಡಕೆ ತಟ್ಟೆಗಳಿಗೆ ಬಣ್ಣ ಹಾಕುತ್ತಿದ್ದ. ಅದು ಹೊಟ್ಟೆಪಾಡು. ಮನಸ್ಸಿದ್ದದ್ದು ಮಾತ್ರ ಹಾರ್ನ್ ಐಲ್ಯಾಂಡ್ ಮೇಲೆ. ದಡದಿಂದ ಹತ್ತು ಹನ್ನೆರಡು ಮೈಲಿ, ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ, ದೋಣಿಯನ್ನೇ ಮಗುಚಿ ಅದರಡಿ ಮಲಗುತ್ತಿದ್ದ, ಟೈಪಿಂಗ್ ಕಾಗದದ ಮೇಲೆ ಜಲವರ್ಣದಲ್ಲಿ ಬರೆಯುತ್ತಿದ್ದ. ನಮ್ಮೂರಲ್ಲಿ ಮಳೆಗಾಲದ ಕಡಲಿಗೆ ದೋಣಿ ಇಳಿಸಲ್ಲ. ಈ ಮನುಷ್ಯ 1965ರ ಬೆಟ್ಸಿ ಚಂಡಮಾರುತದಲ್ಲೂ ದ್ವೀಪದಲ್ಲೇ ಉಳಿದ, ಮರಕ್ಕೆ ತನ್ನನ್ನೇ ಕಟ್ಟಿಕೊಂಡಿದ್ದ ಅಂತಾರೆ. ಅದೇ ನವೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದ.

ಸಾವಿನ ನಂತರ ಅವನು ಬೀಗ ಹಾಕಿಡುತ್ತಿದ್ದ ಕೋಣೆ ತೆಗೆದರೆ ನಾಲ್ಕೂ ಗೋಡೆ ಚಿತ್ರ! ಆ ಕರಾವಳಿಯ ಒಂದಿಡೀ ದಿನ, ಬೆಳಗಿನಿಂದ ರಾತ್ರಿವರೆಗೆ. ಆ ಕೋಣೆಯನ್ನೇ ಈಗ ಮ್ಯೂಸಿಯಂಗೆ ತಂದು ಇಟ್ಟಿದ್ದಾರೆ, ನೀವು ನೋಡಿರಬೇಕು.

ಉಳಿಪೆಟ್ಟು:
ಸಾಗರದವನು ನಾನು, ಗುಡಿಗಾರರ ಮನೆ. ನಮ್ಮಲ್ಲಿ ಗಂಧದ ಕೆತ್ತನೆ, ಬೆಂಡಿನ ಬಾಸಿಂಗ, ಮಣ್ಣಿನ ಗಣಪತಿ, ಬಣ್ಣ ಎಲ್ಲ ಒಂದೇ ಜಗಲಿಯಲ್ಲಿ ನಡೆಯುತ್ತೆ, ಹಾಗಾಗಿ "ಒಬ್ಬನೇ ಇಷ್ಟೆಲ್ಲ" ಅನ್ನೋದು ನನಗೆ ಅಷ್ಟು ಆಶ್ಚರ್ಯ ಅನ್ನಿಸಲ್ಲ. ನನಗೆ ಇಷ್ಟ ಅವನ ಲಿನೋಲಿಯಂ ಅಚ್ಚುಗಳು. ನೆಲಕ್ಕೆ ಹಾಸುವ ಲಿನೋಲಿಯಂ ಮೇಲೆ ಕೆತ್ತಿ, ವಾಲ್‌ಪೇಪರ್‌ನ ಹಿಂಬದಿಗೆ ಅಚ್ಚೊತ್ತಿದ್ದು. ಪ್ರೆಸ್ ಇಲ್ಲ, ಮರಳು ತುಂಬಿದ ಚರಂಡಿ ಪೈಪ್ ಉರುಳಿಸಿ ಒತ್ತುತ್ತಿದ್ದ! ಆರಡಿ ಉದ್ದದವೂ ಇವೆ. ಬಡವರ ಗೋಡೆಗೂ ಚಿತ್ರ ಸಿಗಲಿ ಅಂತ ಒಂದು ಅಡಿ ಉದ್ದಕ್ಕೆ ಒಂದು ಡಾಲರ್ ದರ.

ಮರದಲ್ಲಿ ಎಳೆ ಇರುತ್ತೆ, ಉಳಿಯನ್ನು ಅದು ತನ್ನ ಕಡೆ ಎಳೆಯುತ್ತೆ, ಕೈ ಬಗ್ಗಬೇಕು. ಲಿನೋಲಿಯಂಗೆ ಎಳೆ ಇಲ್ಲ, ಹೇಗೆ ಬೇಕಾದರೂ ತಿರುಗಿಸಬಹುದು. ಅವನ ಹಕ್ಕಿಗಳ ರೆಕ್ಕೆ ನೋಡಿ, ಗೆರೆ ಎಲ್ಲೂ ತಡವರಿಸಲ್ಲ. ಜಲವರ್ಣದಲ್ಲೂ ಅದೇ ಗೆರೆ.

ಮಲ್ಲಿಗೆಮೊಗ್ಗು:
"ಹುಚ್ಚ" ಅನ್ನೋದು ಬೇಡ. ಮಾನಸಿಕ ಕಾಯಿಲೆ ಇತ್ತು, 1930ರ ದಶಕದ ಕೊನೆಯಿಂದ ಕೆಲವು ಸಲ ಆಸ್ಪತ್ರೆಗೂ ಸೇರಿಸಿದ್ದರು. ಒಂದು ಸಲ ಹಾಸಿಗೆ ಬಟ್ಟೆ ಕಟ್ಟಿ ಕಿಟಕಿಯಿಂದ ಇಳಿದು ಹೋದ, ಇಳಿಯುವಾಗ ಇಟ್ಟಿಗೆ ಗೋಡೆ ಮೇಲೆ ಸೋಪಿನಿಂದ ಹಕ್ಕಿಗಳನ್ನು ಬರೆದಿದ್ದನಂತೆ. ಎಲ್ಲರೂ ಹೇಳೋದು ಈ ಕಥೆ, ದ್ವೀಪದ ಕಥೆ. ಹೆಂಡತಿ ಆಗ್ನೆಸ್ ನಾಲ್ಕು ಮಕ್ಕಳನ್ನು ಸಾಕಿದ್ದು, ಶಾಲೆಯಲ್ಲಿ ಪಾಠ ಮಾಡಿ ಮನೆ ನಡೆಸಿದ್ದು ಯಾರ ಬಾಯಲ್ಲೂ ಬರಲ್ಲ. ಅವರು ಸಂಬಳ ತರದಿದ್ದರೆ ಇವರ ದೋಣಿ ದಡ ಬಿಡುತ್ತಿತ್ತಾ?

ಬೈಂದೂರಿನವ:
@ಮಲ್ಲಿಗೆಮೊಗ್ಗು ಒಪ್ಪಿದೆ, ನಾನೂ ಅದನ್ನು ಬಿಟ್ಟೆ. ಊರಿನವರಿಗೂ ಆಗ ಅವನ ಬೆಲೆ ಗೊತ್ತಿರಲಿಲ್ಲ. 1951ರಲ್ಲಿ ಮ್ಯೂಸಿಯಂ ಪಕ್ಕದ ಸಮುದಾಯ ಭವನದ ಗೋಡೆಗಳಿಗೆ ದೊಡ್ಡ ಚಿತ್ರ ಬರೆದುಕೊಟ್ಟ, ಸಂಭಾವನೆ 1 ಡಾಲರ್. ಅದಕ್ಕೂ ಸುಣ್ಣ ಬಳಿಯಬೇಕು ಅಂದವರಿದ್ದರು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಮನೆಯವರು ಜೋಪಾನವಾಗಿಟ್ಟಿದ್ದ ಎಷ್ಟೋ ಚಿತ್ರಗಳು ಸಮುದ್ರದ ನೀರಿನಲ್ಲಿ ನೆನೆದುಹೋದವು.

ಕಡಲಂಚು:
ಎಲ್ಲರಿಗೂ ಥ್ಯಾಂಕ್ಸ್. ಆ ಪದ ಬಳಸಬಾರದಿತ್ತು, ಸುಮ್ನೆ ಕೇಳಿದ್ದನ್ನು ಬರೆದೆ. ಇಷ್ಟು ಗೊತ್ತಿದ್ದರೆ ಆ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಹಾರ್ನ್ ಐಲ್ಯಾಂಡ್‌ಗೆ ಈಗ ಹೋಗಬಹುದಾ?

ಬೈಂದೂರಿನವ:
ಹೋಗಬಹುದು, ರಾಷ್ಟ್ರೀಯ ಉದ್ಯಾನದವರ ಕೈಯಲ್ಲಿದೆ. ಆದರೆ ಬಾಡಿಗೆ ದೋಣಿ ಮಾಡಿಕೊಳ್ಳಬೇಕು. ಅಲ್ಲಿ ಅಂಗಡಿ ಪಂಗಡಿ ಏನೂ ಇಲ್ಲ, ಕುಡಿಯುವ ನೀರು ಜಾಸ್ತಿನೇ ಇಟ್ಟುಕೊಳ್ಳಿ.