ಸ್ಟಾಕಿಂಗ್‌ಗೆ ಕನ್ನಡ ಪದ: ‘ಹಿಂದೆ ಬೀಳು’ ಸಾಕೇ?

ಮನೋವಿಜ್ಞಾನದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾವ ಸ್ವಭಾವದವರು ಸ್ಟಾಕಿಂಗನ್ನು (stalking, ಬೇಡವೆಂದರೂ ಒಬ್ಬರನ್ನು ಬಿಡದೆ ಹಿಂಬಾಲಿಸಿ, ಸಂಪರ್ಕಿಸಿ ಭಯಪಡಿಸುವುದು) ಹಗುರವಾಗಿ ಕಾಣುತ್ತಾರೆ ಎಂಬುದು ವಿಷಯ. ಸ್ವಭಾವದ ಪದಗಳು ಹೆಚ್ಚು ಸತಾಯಿಸಲಿಲ್ಲ. ಮನೋವಿಜ್ಞಾನಿಗಳಾದ ಪಾಲ್ಹಸ್ ಮತ್ತು ವಿಲಿಯಮ್ಸ್ 2002ರಲ್ಲಿ ‘ಡಾರ್ಕ್ ಟ್ರಯಾಡ್’ ಎಂಬ ಒಂದೇ ಹೆಸರಿನಡಿ ತಂದ ಮೂರು ಕರಾಳ ಗುಣಗಳಿಗೆ ಸ್ವಮೋಹ, ಕುಟಿಲತನ, ಸೈಕೋಪಥಿ (ಪರರ ನೋವಿಗೆ ಮರುಗದ ಸ್ವಭಾವ) ಎಂದು ಬರೆದುಕೊಂಡಿದ್ದೇನೆ. (ಎರಡನೆಯದಕ್ಕೆ ‘ಶಕುನಿಬುದ್ಧಿ’ ಎಂದು ಬರೆದು, ಮನಸ್ಸಿಲ್ಲದ ಮನಸ್ಸಿನಿಂದ ಹೊಡೆದುಹಾಕಿದೆ. ಮೂರನೆಯದನ್ನು ‘ಮನೋರೋಗ’ ಎಂದರೆ ಖಿನ್ನತೆಯಿಂದ ನರಳುವವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ.)

ಸಿಕ್ಕಿಹಾಕಿಕೊಂಡದ್ದು ಸ್ಟಾಕಿಂಗ್‌ನಲ್ಲಿ. ‘ಅವನು ಆರು ತಿಂಗಳಿಂದ ಅವಳ ಹಿಂದೆ ಬಿದ್ದಿದ್ದಾನೆ’ ಎಂದು ಬರೆದು ಗೆಳತಿಗೆ ತೋರಿಸಿದೆ. ‘ಪಾಪ’ ಎಂದಳು. ಪಾಪ ಎಂದದ್ದು ಅವನಿಗೆ! ‘ಬೆಂಬಿಡದೆ ಕಾಡುತ್ತಿದ್ದಾನೆ’ ಎಂದು ತಿದ್ದಿದಾಗ ‘ಪೊಲೀಸರಿಗೆ ಹೇಳಬಾರದೇ?’ ಎಂದಳು. ಅಳೆಯಬೇಕಾದ ಮನೋಭಾವವನ್ನು ಕ್ರಿಯಾಪದವೇ ಮೊದಲೇ ತೀರ್ಮಾನಿಸಿಬಿಟ್ಟರೆ ಉತ್ತರಕ್ಕೆ ಏನು ಬೆಲೆ?

ಇಂಗ್ಲಿಷಿನಲ್ಲಿ ‘ಸ್ಟಾಕ್’ ಎಂಬುದು ಬೇಟೆಯ ಮಾತು: ಸದ್ದಿಲ್ಲದೆ ಮಿಗದ ಹತ್ತಿರ ಸರಿಯುವುದು. 1990ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮನುಷ್ಯರನ್ನು ಸ್ಟಾಕ್ ಮಾಡುವುದು ಅಪರಾಧವೆಂದು ಕಾನೂನು ಮಾಡಿತು; ಈಗಿನ ಅರ್ಥ ಗಟ್ಟಿಯಾದದ್ದು ಆ ಕಾಲದಲ್ಲಿ. ನಮ್ಮ ‘ಹೊಂಚು’ ಬೇಟೆಗೆ ಹತ್ತಿರ, ಆದರೆ ಹೊಂಚುವವನು ಕೂತಲ್ಲೇ ಕೂತಿರುತ್ತಾನೆ. ‘ಬೆನ್ನಟ್ಟು’ ಎಂದರೆ ಬಹಿರಂಗ ಓಟ. ಪತ್ರಿಕೆಗಳ ‘ಹಿಂಬಾಲಿಸು’ ತೀರಾ ಸಪ್ಪೆ. ಗುರುವನ್ನೂ ಹಿಂಬಾಲಿಸುತ್ತೇವೆ, ಒಮ್ಮೆ ಹಿಂಬಾಲಿಸಿದರೂ ಹಿಂಬಾಲಿಸಿದಂತೆಯೇ. ಸ್ಟಾಕಿಂಗ್‌ನಲ್ಲಿ ಮತ್ತೆ ಮತ್ತೆ ಎಂಬುದಿದೆ, ಬೇಡವೆಂದರೂ ಎಂಬುದಿದೆ, ಎದುರಿನವರ ಭಯವಿದೆ. ಅಲ್ಲದೆ ನಡುರಾತ್ರಿಯ ಸಂದೇಶಗಳು, ಕೇಳದೆ ಬರುವ ಉಡುಗೊರೆಗಳು, ಜಾಲತಾಣದ ಖಾತೆಯ ಮೇಲಿನ ಕಣ್ಣು: ಇವುಗಳಲ್ಲಿ ಯಾರ ಬೆನ್ನೂ ಇಲ್ಲ, ಯಾರ ಹೆಜ್ಜೆಯೂ ಇಲ್ಲ. ‘ಕಾಡು’ ಒಂದನ್ನೇ ಇಟ್ಟುಕೊಳ್ಳೋಣವೆಂದರೆ, ಇಷ್ಟವಾದ ರಾಗವೂ ನಮ್ಮನ್ನು ಕಾಡುತ್ತದೆ.

ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಬೆಂಬಿಡದ ಕಾಟ’ ಎಂದಿಟ್ಟು, ಹೇಳಿಕೆಗಳಲ್ಲಿ ಆ ಪದವನ್ನೇ ತಪ್ಪಿಸಿ ‘ಬೇಡವೆಂದ ಮೇಲೂ ದಿನವೂ ಕರೆ ಮಾಡುವುದು’ ಎಂದು ಕೆಲಸವನ್ನಷ್ಟೇ ಬರೆಯುತ್ತಿದ್ದೇನೆ. ಮಾಡುವವರಿಗೆ ಮಾತ್ರ ಪದ ಸಿಕ್ಕಿಲ್ಲ. ‘ಕಾಟಕೋರ’ ಎಂದರೆ ಲಂಚಕೋರನ ತಮ್ಮನಂತೆ ಕೇಳಿಸುತ್ತದೆ, ಮೇಲಾಗಿ ಗಂಡಸಿಗೆ ಮಾತ್ರ ಹೊಂದುತ್ತದೆ. ಈ ಕೆಲಸವನ್ನು ಹೆಂಗಸರೂ ಮಾಡುವುದುಂಟು. ಇಬ್ಬರಿಗೂ ಒಗ್ಗುವ ಒಂದು ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ?