ಎಸ್‌ಡಬ್ಲ್ಯುಆರ್ ಚೆನ್ನಾಗಿದೆ, ಸಿಗ್ನಲ್ ಮಾತ್ರ ಬಿದ್ದುಹೋಗಿದೆ: 40 ಮೀಟರ್ ಡೈಪೋಲ್

ಶಿರಸಿ_ಹೊಸಹ್ಯಾಮ್
ಎಲ್ಲರಿಗೂ ನಮಸ್ಕಾರ. ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಶುರುಮಾಡಿದ್ದೇನೆ, ಮನೆ ಶಿರಸಿ ಹತ್ತಿರ. ಬಿದಿರಿನ ಗಳದ ಮೇಲೆ ಸುಮಾರು 8 ಮೀಟರ್ ಎತ್ತರಕ್ಕೆ ನಡುಭಾಗ ಕಟ್ಟಿ, ಎರಡು ತುದಿಗಳನ್ನು ಅಡಿಕೆ ಮರಗಳ ಕಡೆಗೆ ಇಳಿಬಿಟ್ಟ ಡೈಪೋಲ್ (ನಡುವಿನಿಂದ ಎರಡು ಕಡೆಗೆ ಚಾಚಿದ ತಂತಿ ಆಂಟೆನಾ) ನನ್ನದು, 40 ಮೀಟರ್ ಅಂದರೆ 7 ಮೆಗಾಹರ್ಟ್ಸ್ ಬ್ಯಾಂಡಿಗೆ. ಒಂದೊಂದು ಕಡೆ 10 ಮೀಟರ್ ತಂತಿ, ಕೆಳಗೆ ಬರುವುದು 20 ಮೀಟರ್ ಆರ್‌ಜಿ-58 ಕೇಬಲ್. ಪವರ್ 20 ವ್ಯಾಟ್.

ಬೇಸಿಗೆಯಲ್ಲಿ 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅನ್ನುವ ಅಳತೆ, 1 ಇದ್ದರೆ ಏನೂ ವಾಪಸ್ ಇಲ್ಲ) 2.5 ತೋರಿಸುತ್ತಿತ್ತು, ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಟ್ಯೂನರ್ ಇಟ್ಟುಕೊಂಡು ಬೆಂಗಳೂರು, ಪುಣೆ ಎಲ್ಲಾ ಸಲೀಸಾಗಿ ಮಾತಾಡುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ನೋಡಿದರೆ ಏನೂ ಮುಟ್ಟದೇ ಅದು 1.3ಕ್ಕೆ ಬಂದಿದೆ! ಖುಷಿಪಟ್ಟೆ. ಆದರೆ ಈಗ ಅದೇ ಬೆಂಗಳೂರಿನವರು "ಗದ್ದಲದಲ್ಲಿ ಮುಳುಗಿದ್ದೀರಿ, ಮತ್ತೆ ಹೇಳಿ" ಅನ್ನುತ್ತಾರೆ. ನನಗೂ ಅವರು ಮೊದಲಿನಷ್ಟು ಕೇಳಿಸುತ್ತಿಲ್ಲ. ಆಂಟೆನಾ ಇನ್ನೂ ಎತ್ತರಕ್ಕೆ ಹೋಗಬೇಕಾ? ಟವರ್ ಹಾಕುವಷ್ಟು ದುಡ್ಡಿಲ್ಲ.

ಧಾರವಾಡ_ಡೈಪೋಲ್
ಟವರ್ ಏನೂ ಬೇಡ. 40 ಮೀಟರಿನಲ್ಲಿ 8 ಮೀಟರ್ ಎತ್ತರದ ಡೈಪೋಲ್ ಬಹುಪಾಲು ಶಕ್ತಿಯನ್ನು ಮೇಲಕ್ಕೇ ಎಸೆಯುತ್ತದೆ, ಅದು ಅಯಾನುಗೋಳಕ್ಕೆ ತಾಗಿ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಮಳೆಯ ಹಾಗೆ ಇಳಿಯುತ್ತದೆ. ಹಗಲು ಹೊತ್ತಿನಲ್ಲಿ ನಮ್ಮ ರಾಜ್ಯದೊಳಗೆ ಮಾತಾಡಲು ಬೇಕಾಗಿದ್ದೇ ಅದು. ಒಂದು ವಿಷಯ ಹೇಳಿ: ಬ್ಯಾಂಡಿನ ಹೊರಗೆ, 10 ಮೆಗಾಹರ್ಟ್ಸ್ ಹತ್ತಿರ, ಎಸ್‌ಡಬ್ಲ್ಯುಆರ್ ಎಷ್ಟಿದೆ?

ಶಿರಸಿ_ಹೊಸಹ್ಯಾಮ್
ಗೆಳೆಯರ ನ್ಯಾನೋವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ತಂದು ನೋಡಿದೆ ಸರ್. ಅಲ್ಲೂ 1.6 ಅಷ್ಟೇ.

ಧಾರವಾಡ_ಡೈಪೋಲ್
ಹಾಗಾದರೆ ಕೇಬಲ್ ಒಳಗೆ ನೀರು ಹೋಗಿದೆ, ಹೆಚ್ಚುಕಮ್ಮಿ ಗ್ಯಾರಂಟಿ. 7 ಮೆಗಾಹರ್ಟ್ಸ್ ಡೈಪೋಲ್ 10ರಲ್ಲಿ 1.6 ಕೊಡಲು ಸಾಧ್ಯವೇ ಇಲ್ಲ. ಆಂಟೆನಾದಿಂದ ವಾಪಸ್ ಬರಬೇಕಾದ ಶಕ್ತಿಯನ್ನು ಕೇಬಲ್ ನುಂಗಿಬಿಡುತ್ತಿದೆ, ಮೀಟರಿಗೆ ಏನೂ ವಾಪಸ್ ಕಾಣುತ್ತಿಲ್ಲ, ಅದಕ್ಕೇ ಅದು ಎಲ್ಲಾ ಸರಿ ಇದೆ ಅನ್ನುತ್ತಿದೆ.

ಹೀಗೆ ಮಾಡಿ. ಮೇಲೆ ಕೇಬಲ್ಲನ್ನು ಡೈಪೋಲಿನಿಂದ ಬಿಚ್ಚಿ, ತುದಿ ಸುಮ್ನೆ ಖಾಲಿ ಬಿಡಿ, ಆಗ ಅಲ್ಲಿಗೆ ತಲುಪಿದ ಶಕ್ತಿಯೆಲ್ಲಾ ವಾಪಸ್ ಬರಬೇಕು. ಕೆಳಗಿನಿಂದ 7 ಮೆಗಾಹರ್ಟ್ಸ್‌ನಲ್ಲಿ ಅಳೆಯಿರಿ. ಒಳ್ಳೆಯ 20 ಮೀಟರ್ ಆರ್‌ಜಿ-58 ಆದರೆ 10ರ ಹತ್ತಿರ ತೋರಿಸಬೇಕು. 3 ತೋರಿಸಿದರೆ ಅರ್ಧ ಪವರ್ ದಾರಿಯಲ್ಲೇ ಹೋಯಿತು, 2 ಬಂದರೆ ಮೂರರಲ್ಲಿ ಎರಡು ಪಾಲು ಹೋಯಿತು. ಇದನ್ನು ನ್ಯಾನೋವಿಎನ್‌ಎಯಲ್ಲೇ ಅಳೆಯಿರಿ, ರಿಗ್ಗಿನಿಂದ (ರೇಡಿಯೋದಿಂದ) ಪವರ್ ಕೊಡಬೇಡಿ.

ಶಿರಸಿ_ಹೊಸಹ್ಯಾಮ್
1.6! ಅಂದರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ನಷ್ಟ ಅಲ್ವಾ. ಮೇಲಿನ ತುದಿಯ ಕಪ್ಪು ಹೊದಿಕೆ ಸೀಳಿ ನೋಡಿದೆ. ತಾಮ್ರದ ಹೆಣಿಗೆ ಹೊಳೆಯುವುದಿರಲಿ, ಮಸಿ ಹಿಡಿದ ಹಾಗೆ ಕಪ್ಪಗಾಗಿದೆ, ಅಲ್ಲಲ್ಲಿ ಹಸಿರು ಪುಡಿ, ಬೆರಳಲ್ಲಿ ಉಜ್ಜಿದರೆ ಒದ್ದೆ. ಮೊಳದುದ್ದ ಕತ್ತರಿಸಿದರೂ ಹಾಗೇ ಇದೆ. ಒಣಗಿಸಿದರೆ ಸರಿಹೋಗುತ್ತದಾ?

ಉಡುಪಿ_ಶಾರ್ಟ್‌ವೇವ್
ಒಣಗಿಸುವುದು ವ್ಯರ್ಥ. ಹೆಣಿಗೆ ಬತ್ತಿಯ ಹಾಗೆ ನೀರು ಎಳೆದುಕೊಂಡು ಕೆಳಗಿನವರೆಗೂ ಒಯ್ದಿರುತ್ತದೆ. ಹೊಸ ಕೇಬಲ್ ಹಾಕಿ. ನಮ್ಮ ಕರಾವಳಿಯಲ್ಲೂ ಪ್ರತಿ ಮಳೆಗಾಲ ಇದೇ ಗೋಳು, ಅದಕ್ಕೆ ಜೋಡಣೆಯ ವಿಷಯದಲ್ಲಿ ನಾನು ತುಂಬಾ ಹಟ ಮಾಡುತ್ತೇನೆ: ಕೇಬಲ್ ತುದಿ ಕೆಳಮುಖ ಇರಲಿ, ಮೊದಲು ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದಂತೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ಹುಳಿ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡ, ಅದು ತಾಮ್ರವನ್ನೇ ತಿನ್ನುತ್ತದೆ. ಮನೆಯೊಳಗೆ ಬರುವ ಮುಂಚೆ ಕೇಬಲ್ ಒಂದು ಬಾಗು ಕೆಳಗಿಳಿದು ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮತ್ತೆ ಬೇಜಾರು ಮಾಡಿಕೊಳ್ಳಬೇಡಿ. ಮುಕ್ಕಾಲು ಪವರ್ ಕಳೆದುಕೊಂಡೂ ಬೆಂಗಳೂರಿನವರಿಗೆ ಅಷ್ಟಾದರೂ ಕೇಳಿಸಿದಿರಲ್ಲ, ನಿಮ್ಮ ಆಂಟೆನಾ ಒಳ್ಳೆಯದೇ.

ಶಿರಸಿ_ಹೊಸಹ್ಯಾಮ್
ಹೊಸ ಕೇಬಲ್ ಹಾಕಿ ಹೇಳಿದ ಹಾಗೇ ಸುತ್ತಿದೆ. ಈಗ ಎಸ್‌ಡಬ್ಲ್ಯುಆರ್ 6.85 ಮೆಗಾಹರ್ಟ್ಸ್‌ನಲ್ಲಿ ಅತಿ ಕಡಿಮೆ, 7.1ರಲ್ಲಿ ಮತ್ತೆ ಏರಿದೆ.

ಧಾರವಾಡ_ಡೈಪೋಲ್
ಬಹಳ ಒಳ್ಳೆ ಸುದ್ದಿ! ಈಗ ಮೀಟರ್ ನಿಜ ಹೇಳುತ್ತಿದೆ. ತಂತಿ ಸ್ವಲ್ಪ ಉದ್ದ, ಅಷ್ಟೇ. 6.85ನ್ನು 7.1ರಿಂದ ಭಾಗಿಸಿದರೆ 0.965, ಅಂದರೆ ಒಟ್ಟು 20 ಮೀಟರಿನಲ್ಲಿ 70 ಸೆಂಟಿಮೀಟರ್ ಕಡಿಮೆಯಾಗಬೇಕು, ಒಂದೊಂದು ಕಡೆ 35. ಕತ್ತರಿಸಬೇಡಿ. ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿ. ಮೊದಲು 25 ಮಡಚಿ ಅಳೆಯಿರಿ, ಆಮೇಲೆ ಉಳಿದದ್ದು.

ಶಿರಸಿ_ಹೊಸಹ್ಯಾಮ್
7.1ರಲ್ಲಿ 1.2 ಬಂತು ಸರ್, ಟ್ಯೂನರ್ ತೆಗೆದಿಟ್ಟೆ. ಬೆಳಿಗ್ಗೆ ಪುಣೆಯವರೊಬ್ಬರು ಒಂದೇ ಸಲಕ್ಕೆ ಕಾಲ್‌ಸೈನ್ (ರೇಡಿಯೋದಲ್ಲಿ ನನ್ನ ಗುರುತಿನ ಹೆಸರು) ಪೂರ್ತಿ ಹಿಡಿದರು. ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್, 73 (ಹ್ಯಾಮ್‌ಗಳ ಶುಭಾಶಯ).

ಉಡುಪಿ_ಶಾರ್ಟ್‌ವೇವ್
ಭಾರೀ ಸಂತೋಷ. ಗುಡುಗು ಶುರುವಾಗುವ ಲಕ್ಷಣ ಕಂಡ ಕೂಡಲೇ ಕೇಬಲ್ ಬಿಚ್ಚಿ ಕಿಟಕಿಯ ಆಚೆಗೆ ಹಾಕಿಬಿಡಿ, ಗುಡುಗುತ್ತಿರುವಾಗ ಮುಟ್ಟಲು ಹೋಗಬೇಡಿ. ಭಾನುವಾರ ಬೆಳಿಗ್ಗೆ 40 ಮೀಟರಿನಲ್ಲಿ ಕರೆಯುತ್ತೇನೆ, ಉತ್ತರ ಕೊಡಿ. 73.